ಕಡಲ್ಗಳ್ಳರ ಬೋಟಿನಲ್ಲಿ ನಮ್ಮತ್ತೆಯ ಹರಕೆ

ಹೋದ ತಿಂಗಳು ಮುಂಬೈ ಕೊಲ್ಲಿಯ ನಟ್ಟನಡುವೆ ನಮ್ಮತ್ತೆ ಒಬ್ಬ ಕಡಲ್ಗಳ್ಳನನ್ನು ಹಿಡಿದರು. ಕೈಯಲ್ಲಿ ಕತ್ತಿ, ಒಂದು ಕಣ್ಣಿಗೆ ಕರಿ ಪಟ್ಟಿ, ತಲೆಗೆ ಬುರುಡೆ ಚಿತ್ರದ ಟೊಪ್ಪಿಗೆ ಇದ್ದ ಅಸಲಿ ಕಳ್ಳ. (ಅಸಲಿ ಎಂದರೆ, ತಿಂಗಳ ಸಂಬಳದವನು.)

ನಮ್ಮತ್ತೆ ಭಾಗವ್ವ ದಾಳಿಂಬ ಎಂಬ ಹಳ್ಳಿಯವರು. ಕುರಿ ಕಾಯ್ದವರು, ಬೀರಪ್ಪನ ಒಕ್ಕಲು. ಮಹಾರಾಷ್ಟ್ರದ ಗಡಿಯ ಉಮರ್ಗಾದ ನಮ್ಮ ಮನೆಗೆ ಬಂದರೂ ಕುರಿ ನೆನಪಾಗಿ ಮರುದಿನವೇ ಗಾಡಿ ಹತ್ತುವವರು. ಅಂಥವರಿಗೆ ಸಮುದ್ರದಲ್ಲೇನು ಕೆಲಸ? ಇತ್ತು. ಹರಕೆ ಇತ್ತು.

ಕಳೆದ ಮಳೆಗಾಲದಲ್ಲಿ ನನ್ನ ಮಗಳು ಗೌರಿ ಡೆಂಗ್ಯೂ ಬಂದು ದವಾಖಾನೆಯ ಗಾಜಿನ ಬಾಗಿಲ ಹಿಂದೆ ಮಲಗಿದ್ದಳು. ಡಾಕ್ಟರು ನಮ್ಮ ಮುಖ ನೋಡುವುದನ್ನೇ ಬಿಟ್ಟಿದ್ದರು. ಹೊರಗೆ ಬೆಂಚಿನ ಮೇಲೆ ಅತ್ತೆ ಭಂಡಾರದ ಚೀಲವನ್ನು, ಅಂದರೆ ಬೀರಪ್ಪನ ಅರಿಶಿಣ ಪುಡಿಯನ್ನು, ಎದೆಗೊತ್ತಿಕೊಂಡು ಕೂತಿದ್ದರು. “ಬಾವಿಗಿ, ಕೆರಿಗಿ ಬೇಡ್ಕೊಂಡ್ರ ಸಾಲಂಗಿಲ್ಲ. ಪೋರಿ ಉಳದ್ರ ದೊಡ್ಡ ನೀರಿಗೇ ಹೋಗಿ ಗಂಗವ್ವನ ಉಡಿ ತುಂಬ್ತೀನಿ” ಎಂದರು. ಪೋರಿ ಉಳಿದಳು. ಈಗ ಟಿವಿ ರಿಮೋಟಿಗಾಗಿ ಅಪ್ಪನ ಕೈ ಕಚ್ಚುವಷ್ಟು ಗಟ್ಟಿಯಾಗಿದ್ದಾಳೆ.

ಆದರೆ ಹರಕೆ ತೀರುವ ತನಕ ಅತ್ತೆಗೆ ಸಮಾಧಾನವೆಲ್ಲಿ? ಗೌರಿ ಸೀನಿದರೂ ಸಾಕು, “ನೋಡು, ಗಂಗವ್ವ ನೆನಸ್ಲಾಕತ್ತಾಳ” ಎಂದು ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರು. ಹೊರಟೆವು.

ದಂಡೆಯಲ್ಲೇ ಮುಗಿಸಿಬಿಡೋಣ ಎಂದೆ. ಅತ್ತೆ ಉರಿದುಬಿದ್ದರು. “ಹೊಸ್ತಿಲದಾಗ ನಿಂತು ಯಾರರೆ ಉಡಿ ತುಂಬ್ತಾರೇನ? ನಡುಮನಿಗಿ ಹೋಗ್ಬೇಕು!”

ಸಮುದ್ರದ ನಡುಮನೆಗೆ ಹೋಗುವುದು ಹೇಗೆ? ನಮ್ಮನೆಯವರು ಮೊಬೈಲ್ ತೀಡಿ ತೀಡಿ ಬುಕ್ ಮಾಡಿದರು. ‘ಪೈರೇಟ್ ಫ್ಯಾಮಿಲಿ ಟೂರ್’. ಹೆಂಡತಿ ಮಕ್ಕಳ ಸಮೇತ ದರೋಡೆಗೊಳಗಾಗುವ ಭಾಗ್ಯ! (ನಮ್ಮ ಕಡೆ ಈ ಕೆಲಸವನ್ನು ಟಿಕೆಟ್ಟಿಲ್ಲದೆ ಮಾಡುವವರಿದ್ದಾರೆ. ಅವರು ಬಿಳಿ ಬಟ್ಟೆ ತೊಡುತ್ತಾರೆ, ಅಷ್ಟೇ.)

ಹತ್ತುವಾಗಲೇ ತಪಾಸಣೆ. ಹೊರಗಿನ ತಿಂಡಿ ಬೇಡ. ತೆಂಗಿನಕಾಯಿ ಬೇಡ. ‘ಸಮುದ್ರಕ್ಕೆ ಏನನ್ನೂ ಹಾಕಬೇಡಿ, ಪರಿಸರ ಉಳಿಸಿ’ ಎಂಬ ಬೋರ್ಡು. ಒಳ್ಳೆಯ ಮಾತೇ ಅಲ್ಲವೆ? ಕಾಯಿ ಬಿಟ್ಟೆವು. ಜೋಳ, ಭಂಡಾರ ಇದ್ದ ಚೀಲ ಮಾತ್ರ ಅತ್ತೆಯ ಸೊಂಟ ಬಿಡಲಿಲ್ಲ. ಹೆಗಲ ಮೇಲಿನ ಕಂಬಳಿಯೂ ಬಿಡಲಿಲ್ಲ. ಬೀರಪ್ಪನ ಗದ್ದುಗೆಗೆ ಹಾಸುವ ಕಂಬಳಿ ಅದು. ಮುಂಬೈ ಸೆಕೆಗೆಲ್ಲ ಅತ್ತೆ ಕ್ಯಾರೇ ಅನ್ನಲಿಲ್ಲ.

ಬೋಟು ಹೊರಟಿತು. “ಟ್ರೆಷರ್ ರೇನ್!” ಎಂದು ಮೈಕು ಕೂಗಿತು. ಮೇಲಿಂದ ಪ್ಲಾಸ್ಟಿಕ್ಕಿನ ಬಂಗಾರದ ನಾಣ್ಯಗಳು ಸುರಿದವು. ಅರ್ಧ ಮಕ್ಕಳ ಕೈಗೆ, ಅರ್ಧ ಸಮುದ್ರಕ್ಕೆ.

ಅತ್ತೆ ಬೋರ್ಡಿನ ಕಡೆ ನೋಡಿದರು. ನನ್ನ ಕಡೆ ನೋಡಿದರು. “ಅರಿಶಿಣಕ್ಕ ಹೊಲಸಾಗೋ ನೀರು ಇದಕ್ಕ ಆಗಂಗಿಲ್ಲೇನ?” ನಾನು ದಂಡೆಯ ಗೇಟ್‌ವೇ ಆಫ್ ಇಂಡಿಯಾ ಕಡೆ ನೋಡತೊಡಗಿದೆ.

ಅಷ್ಟರಲ್ಲಿ ಧುಮುಕಿದ ಕಳ್ಳ. “ಖಜಾನಾ ಮೇರಾ ಹೈ!” ಎಂದವನೇ ಅತ್ತೆಯ ಚೀಲ ಕಿತ್ತುಕೊಂಡ. ಕೊನೆಗೆ ಫೋಟೊ ತೆಗೆದು ವಾಪಸ್ ಕೊಡುತ್ತಾರಂತೆ. ರಿಟರ್ನ್ ಪಾಲಿಸಿ ಇರುವ ಕಳ್ಳತನ! ಆದರೆ ಅದನ್ನು ಅತ್ತೆಗೆ ಹೇಳಲು ಪುರುಸೊತ್ತೆಲ್ಲಿತ್ತು? ಕುರಿ ಹಟ್ಟಿಗೆ ಕಳ್ಳ ನುಗ್ಗಿದರೆ ಇವರು ಕೂಗುವುದಿಲ್ಲ. ಮೊದಲು ಮುಖದ ಮೇಲೆ ಕಂಬಳಿ ಬೀಸಿ ಕೆಡವುತ್ತಾರೆ. ಕೂಗುವುದೆಲ್ಲ ಆಮೇಲೆ.

ಕಂಬಳಿ ಹಾರಿತು. ಕಳ್ಳ ಬಿದ್ದ. ಅತ್ತೆ ಮೇಲೆ ಕೂತರು. “ಏ ಭಾಡ್ಯಾ, ಬೀರಪ್ಪನ ಭಂಡಾರಕ್ಕ ಕೈ ಹಾಕ್ತಿ?”

ಬೋಟಿಗೆ ಬೋಟೇ ಚಪ್ಪಾಳೆ. ಇದೂ ಷೋ ಎಂದುಕೊಂಡರು ಪುಣ್ಯಾತ್ಮರು. ಕಂಬಳಿಯೊಳಗಿಂದ ಮೊದಲು ಹಿಂದಿಯಲ್ಲಿ “ಛೋಡೋ” ಬಂತು. ಆಮೇಲೆ ಮರಾಠಿಯಲ್ಲಿ “ಆಜೀ, ಸೋಡಾ!” ಉಸಿರು ಕಟ್ಟಿದಾಗ ಕನ್ನಡ ಬಂತು. “ಯವ್ವಾ, ಸಾಯ್ತೀನಿ, ಬಿಡ್ರೀ!”

ಅತ್ತೆ ಕಂಬಳಿ ಎತ್ತಿದರು. “ಯಾವೂರಪ್ಪಾ ನೀ?”

“ನಿಲಂಗಾ ಕಡೀರಿ ಅವ್ವಾ. ಇದು ನನ್ನ ಡ್ಯೂಟಿರೀ.” (ನಿಲಂಗಾ ಎಂದರೆ ನಮ್ಮ ಉಮರ್ಗಾದ ಹತ್ತಿರದ ಊರೇ!)

“ಕಳವು ಡ್ಯೂಟಿ? ನಿಮ್ಮವ್ವಗ ಗೊತ್ತದೇನ?”

“ಬೋಟಿನ ಕ್ಯಾಪ್ಟನ್ ಇದ್ದೀನಿ ಅಂತ ಹೇಳೀನ್ರೀ.”

ಅತ್ತೆ ಅವನ ಕೈ ಹಿಡಿದುಕೊಂಡು ಎಲ್ಲ ಹೇಳಿದರು. ಜ್ವರ, ಗಾಜಿನ ಬಾಗಿಲು, ಬೆಂಚು, ಹರಕೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟರು. “ಇಷ್ಟು ದೂರ ಬಂದು ಉಡಿ ತುಂಬ್ದೇ ಹ್ಯಾಂಗ ಹೋಗ್ಲೆಪ್ಪಾ? ಪೋರಿಗಿ ಮತ್ತೇನರೆ ಆದ್ರ?”

ಕಳ್ಳ ಬೋರ್ಡು ನೋಡಿದ. ಅಲ್ಲೇ ನಿಂತಿದ್ದ ಬೋಟಿನ ಸೂಪರ್‌ವೈಸರನ ಮುಖ ನೋಡಿದ. ಟೊಪ್ಪಿಗೆ ಸರಿಮಾಡಿಕೊಂಡು ಮೈಕು ಎತ್ತಿದ. “ಲೇಡೀಸ್ ಅಂಡ್ ಜೆಂಟಲ್‌ಮೆನ್, ಸ್ಪೆಷಲ್ ಐಟಂ! ಸಮುದ್ರದ ರಾಣಿಗೆ ಕಾಣಿಕೆ!”

ಸೂಪರ್‌ವೈಸರ್ ಕೂಡ ಚಪ್ಪಾಳೆ ತಟ್ಟಿದ. ನೀವೇ ಹೇಳಿ, ಹರಕೆ ಎಂದರೆ ಕಾನೂನು ಅಡ್ಡ ಬರುತ್ತದೆ. ಐಟಂ ಎಂದರೆ?

ಅತ್ತೆ ಸೆರಗು ಹೊದ್ದು, ಬಾಗಿ, ಹಿಡಿ ಜೋಳ, ಚಿಟಿಕೆ ಭಂಡಾರ ನೀರಿಗೆ ಬಿಟ್ಟರು. ಉಳಿದದ್ದನ್ನು ಗೌರಿಯ ಹಣೆಗೆ ಹಚ್ಚಿದರು. “ತಾಯೀ, ನೀ ಉಳಿಸಿಕೊಟ್ಟ ಪೋರಿ ಇಲ್ಲೇ ಅದ ನೋಡು” ಎಂದರು. ನನಗೂ ಅಳು ಬಂತು, ಸುಳ್ಳೇಕೆ ಹೇಳಲಿ? ಆ ಗಾಜಿನ ಬಾಗಿಲ ಮುಂದೆ ನಾನೂ ನಿಂತವಳೇ.

ಸುತ್ತ ಮೊಬೈಲುಗಳು ಎದ್ದಿದ್ದವು. ಬರ್ಮುಡಾ ತೊಟ್ಟ ಒಬ್ಬ ಮಹಾಶಯ, “ಆಂಟೀ, ಒನ್ಸ್ ಮೋರ್! ಫೋಕಸ್ ಆಗಲಿಲ್ಲ” ಎಂದ.

ನಿನ್ನೆ ನಮ್ಮನೆಯವರ ಮೊಬೈಲಿಗೆ ಅದೇ ಟೂರಿನ ಜಾಹೀರಾತು ಬಂತು. ಹೊಸ ಆಕರ್ಷಣೆ, ‘ದಾದೀಮಾ ಓಷನ್ ಬ್ಲೆಸಿಂಗ್’, ಪ್ರತಿ ಟ್ರಿಪ್ಪಿನಲ್ಲೂ! ವಿಡಿಯೊದಲ್ಲಿ ಬಾಡಿಗೆಯ ಅಜ್ಜಿಯೊಬ್ಬಳು. ಹೆಗಲ ಮೇಲೆ ಮಿರಿಮಿರಿ ನೈಲಾನ್ ಕಂಬಳಿ. ಹಿಡಿ ಹಿಡಿ ಹಳದಿ ಬಣ್ಣ ನೀರಿಗೆ ಚೆಲ್ಲಿ, ಕಣ್ಣೊರೆಸಿಕೊಂಡು, ಕ್ಯಾಮೆರಾ ನೋಡಿ ನಗುತ್ತಾಳೆ.

ಅತ್ತೆಗೆ ತೋರಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಕನ್ನಡಕ ಏರಿಸಿಕೊಂಡು ಪೂರ್ತಿ ನೋಡಿದರು. ಇನ್ನೊಮ್ಮೆ ಹಚ್ಚು ಎಂದು ಮತ್ತೆ ನೋಡಿದರು. ಆಮೇಲೆ ನಿಟ್ಟುಸಿರು ಬಿಟ್ಟು ಕೇಳಿದರು:

“ಪಾಪ, ಈಕಿ ಮೊಮ್ಮಗಳಿಗಿ ಏನಾಗಿತ್ತಂತ?”