ಫ್ರೇಮಿಗೆ ಹಾಕಿದ ಹಾರ

ಕೆ.ಆರ್. ನಗರದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದ ಸೌಂದರ್ಯಳಿಗೆ ಮೊಬೈಲು ಚೆನ್ನಾಗಿ ಬರುತ್ತದೆ ಎಂಬುದೇ ದೊಡ್ಡ ಶಾಪ. ಗ್ಯಾಸ್ ಬುಕ್ ಮಾಡುವುದು, ಕರೆಂಟು ಬಿಲ್ಲು ಕಟ್ಟುವುದು, ಪಕ್ಕದ ಮನೆಯವರ ಪಹಣಿ ತೆಗೆಯುವುದು, ಎಲ್ಲವೂ ಅವಳ ತಲೆಗೇ. ನಾದಿನಿ ಒಂದಾದ ಮೇಲೊಂದು ಫೋಟೋ ತಾನಾಗಿ ಬದಲಾಗುವ ಡಿಜಿಟಲ್ ಫೋಟೋ ಫ್ರೇಮೊಂದನ್ನು ತಂದುಕೊಟ್ಟಾಗಲೂ ಗಂಡ ನಟರಾಜು, "ನೀನೇ ಜೋಡ್ಸು, ನಂಗೆ ಗದ್ದೆತವ ಕೆಲ್ಸ ಅದೆ" ಎಂದು ಜಾರಿಕೊಂಡ. ಟ್ರ್ಯಾಕ್ಟರ್ ಮೇಲೆ ಕೂತ ತನ್ನ ಫೋಟೋ ಬಿಡಬಾರದೆಂದು ಹೇಳಲು ಮಾತ್ರ ಮರೆಯಲಿಲ್ಲ.

ಭಾನುವಾರವಿಡೀ ಕೂತು ಫೋಟೋ ಆರಿಸಿದಳು. ಅತ್ತೆ ಮಲ್ಲಾಜಮ್ಮನಿಗೆ ಬೇಕಾದ್ದು ಒಂದೇ, ತೀರಿಕೊಂಡ ಯಜಮಾನರು ಕೆಂಪಯ್ಯ ಮೊದಲು ಬರಬೇಕು. ಸೌಂದರ್ಯಳಿಗೂ ಒಂದು ಆಸೆಯಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ. ಅವಳ ಅವ್ವ ಬಸವಮ್ಮನೂ ಈಗಿಲ್ಲ. ಸೊಸೆಯ ತವರಿನವರ ಪಟವನ್ನು ಗೋಡೆಗೆ ಹಾಕುವ ರೂಢಿ ಈ ಮನೆಯಲ್ಲಿಲ್ಲ. ಅವ್ವ ಅಣ್ಣನ ಮನೆಯ ಗೋಡೆಯಲ್ಲಿದ್ದಾಳೆ. ಮದುವೆಯ ಫೋಟೋ ಸೇರಿಸಿದರೆ ಅದರ ಜೊತೆ ಅವ್ವನೂ ಬರುತ್ತಾಳೆ, ಯಾರು ಕೇಳುತ್ತಾರೆ?

ಮರುದಿನ ಬೆಳಿಗ್ಗೆ ನೋಡಿದರೆ ಫ್ರೇಮಿಗೆ ಸೇವಂತಿಗೆ ಹಾರ, ಗಾಜಿನ ಮೇಲೆ ಕುಂಕುಮ. ಕೆಂಪಯ್ಯ ಬಂದರು, ಅತ್ತೆ ಕೈಮುಗಿದರು. ಕೆಂಪಯ್ಯ ಹೋದರು. ಅದೇ ಹಾರದೊಳಗೆ, ಅದೇ ಕುಂಕುಮ ಇಟ್ಟುಕೊಂಡು, ಟ್ರ್ಯಾಕ್ಟರ್ ಮೇಲೆ ನಟರಾಜು ಹಲ್ಲುಕಿರಿಯುತ್ತಾ ಬಂದ.

"ಅಯ್ಯೋ, ಬದುಕಿರೋ ನನ್ ಮಗುನ್ಗೆ ಹಾರ ಹಾಕ್ಬುಟ್ಯಲ್ಲಮ್ಮಿ!"

ಹಾರ ಹಾಕಿದ್ದು ಯಾರು? ಕೇಳುವಂತಿಲ್ಲ. ಹಲ್ಲುಜ್ಜುತ್ತಿದ್ದ ನಟರಾಜುವನ್ನು ಎಳೆತಂದು ಕೂರಿಸಿ ಅತ್ತೆ ಉಪ್ಪು, ಮೆಣಸಿನಕಾಯಿ ನೀವಾಳಿಸಿದರು. ಆಮೇಲೆ ಅಪ್ಪಣೆಯಾಯಿತು: "ಇದ್ರಲ್ಲಿ ಸತ್ತೋರು ಒಬ್ರೂ ಇರ್ಬಾರ್ದು, ಎಲ್ಲಾ ತಗಿ. ನಿಮ್ಮಾವುನ್ಗೆ ಗೋಡೆ ಮ್ಯಾಲಿನ ಪಟನೇ ಸಾಕು."

ಸೌಂದರ್ಯ ಹಲ್ಲು ಕಚ್ಚಿಕೊಂಡು ಮತ್ತೆ ಕೂತಳು. ಸತ್ತವರಿಲ್ಲದ ಫೋಟೋ ಯಾವ ಮನೆಯಲ್ಲಿದೆ? ನಾಮಕರಣದಲ್ಲಿ ಅಜ್ಜಿ, ಗೃಹಪ್ರವೇಶದಲ್ಲಿ ದೊಡ್ಡಪ್ಪ. ಎಲ್ಲ ತೆಗೆಯುತ್ತಾ ಹೋದರೆ ಉಳಿಯುವುದು ಟ್ರ್ಯಾಕ್ಟರ್ ಮತ್ತು ಒಂದು ಸೀಮೆಹಸು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಕೊನೆಗೆ ಮದುವೆಯ ಫೋಟೋ ಬಂತು. ಬೆರಳು ಆಡಲಿಲ್ಲ. ಸಿಟ್ಟು, ಅಳು ಒಟ್ಟಿಗೇ ಉಕ್ಕಿದವು.

"ಇದ್ನ ತಗ್ಯಾಕಿಲ್ಲ ಅತ್ತೆ. ಈ ಮನೇಲಿ ನಮ್ಮವ್ವುಂಗೆ ಒಂದು ಮೊಳೆ ಜಾಗಾನೂ ಇಲ್ಲ. ಇದೊಂದಾರ ಇರ್ಲಿ."

ಬೈಯಲೆಂದೇ ಬಂದ ಮಲ್ಲಾಜಮ್ಮ ಬಗ್ಗಿ ನೋಡಿದರು. ಬಸವಮ್ಮ ಏನೋ ಹೇಳುತ್ತಿದ್ದಾಳೆ, ಪಕ್ಕದಲ್ಲಿ ಕೆಂಪಯ್ಯ ಬಾಯ್ತುಂಬ ನಗುತ್ತಿದ್ದಾರೆ. ಗೋಡೆಯ ಪಟ ಆಧಾರ್ ಕಾರ್ಡಿನಿಂದ ದೊಡ್ಡದು ಮಾಡಿಸಿದ್ದು. ಅದರಲ್ಲಿ ಅವರು ಯಾರ ಮೇಲೋ ಸಿಡುಕುತ್ತಿರುವಂತಿದೆ.

"ಇವ್ರು ನಗ್ತಾವ್ರೆ" ಎಂದರು ಮಲ್ಲಾಜಮ್ಮ, ದನಿ ಇಳಿಸಿ. "ನಿಮ್ಮವ್ವ ಏನಂದ್ಲಮ್ಮಿ?"

"ನಿಮ್ ಹುಡುಗುಂಗೆ ಟ್ರ್ಯಾಕ್ಟರ್ ಕೂಡೇ ಮದ್ವೆ ಮಾಡ್ಬುಡಿ ಅಂದಿದ್ಲು."

ಅತ್ತೆಗೂ ನಗು ಬಂತು. ಎದ್ದು ಹಾರ ತೆಗೆದರು, ಸೆರಗಿನಿಂದ ಕುಂಕುಮ ಒರೆಸಿದರು. "ಹಾರ ಇದ್ರೆ ತಾನೆ ಸತ್ತೋರು? ಬುಡು, ನಿಮ್ಮವ್ವನೂ ಇರ್ಲಿ, ಇವ್ರೂ ಇರ್ಲಿ."

ಬಾಗಿಲವರೆಗೆ ಹೋಗಿ ತಿರುಗಿದರು. "ಆದ್ರೆ ಇವ್ರು ಬಂದೇಟ್ಗೆ ಓಯ್ತಾರಲ್ಲ. ವಸಿ ನಿಲ್ಲಂಗೆ ಮಾಡಮ್ಮಿ."

ಸೌಂದರ್ಯ ಮೂರನೆಯ ಸಲ ಕೂತಳು. ಈ ಸಲ ಗೊಣಗಲಿಲ್ಲ.