ಮನೆಯವರ ಒಪ್ಪಿಗೆಯ ಮೇರೆಗೆ

ನನ್ನ ಬಾಯಿ ಜೋರು ಎಂದು ನ್ಯೂ ಟೌನಿನ ನಮ್ಮ ಬೀದಿಗೆಲ್ಲ ಗೊತ್ತು. ಆಫೀಸಿಗೆ ಹೋಗುವ ಶಂಕರಘಟ್ಟದ ಬಸ್ಸಿನಲ್ಲಿ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿದವರನ್ನೇ ಎಬ್ಬಿಸಿ ಕೂತವಳು ನಾನು. ಪೊಲೀಸರು ಬಂದ ದಿನ ಆ ಬಾಯಿ ಎಲ್ಲಿ ಹಾಳಾಗಿ ಹೋಗಿತ್ತೋ! ಈಗ ನೆನೆಸಿಕೊಂಡರೆ ಸಿಟ್ಟೂ ಬರುವುದಿಲ್ಲ, ಅಳುವೂ ಬರುವುದಿಲ್ಲ. ಕಾಲು ಜೋಮು ಹಿಡಿದಾಗ ಚಿವುಟಿಕೊಂಡರೂ ಗೊತ್ತಾಗುವುದಿಲ್ಲವಲ್ಲ, ಹಾಗೆ.

ಅಂದು ಭಾನುವಾರ ಬೆಳಿಗ್ಗೆ. ನಾನು ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ಮನೆಯಲ್ಲಿ ಇರುವುದು ನಾನು, ನನ್ನ ಮಗಳು ಇಬ್ಬರೇ. ಕಾರ್ಖಾನೆಯಲ್ಲಿದ್ದ ನನ್ನ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಮಗಳಿಗೆ ಶಿವಮೊಗ್ಗದಲ್ಲೇ ಸರ್ಕಾರಿ ನರ್ಸಿಂಗ್ ಸೀಟು ಸಿಕ್ಕಿತ್ತು. ಬುಧವಾರ ಸಂಜೆ ಐದರೊಳಗೆ ಕಂಪ್ಯೂಟರಿನಲ್ಲಿ ‘ಒಪ್ಪಿದೆ’ ಎಂದು ಒತ್ತಬೇಕು, ಇಲ್ಲದಿದ್ದರೆ ಸೀಟು ಮುಂದಿನವರಿಗೆ. ಸೋಮವಾರ ಒಳ್ಳೆಯ ದಿನ, ಅವತ್ತೇ ಒತ್ತಿದರಾಯಿತು ಎಂದಿದ್ದೆ. ಆ ಮಹಾ ಬುದ್ಧಿವಂತಿಕೆ ನನ್ನದೇ.

ಬಾಗಿಲಲ್ಲಿ ಒಬ್ಬ ಸಬ್ ಇನ್ಸ್‌ಪೆಕ್ಟರು, ಒಬ್ಬ ಕಾನ್ಸ್‌ಟೇಬಲ್ಲು ನಿಂತಿದ್ದರು. ಪಕ್ಕದ ಮನೆಯ ಬಾಡಿಗೆಯವನು ಬೈಕ್ ಕಳ್ಳತನದ ಕೇಸಿನಲ್ಲಿ ತಲೆ ತಪ್ಪಿಸಿಕೊಂಡಿದ್ದನಂತೆ.

“ನಾಲ್ಕು ಪ್ರಶ್ನೆ ಕೇಳ್ಕೊಂಡು ಹೋಗ್ತೀವಿ ಅಮ್ಮಾ” ಎಂದ ಇನ್ಸ್‌ಪೆಕ್ಟರು.

ಎದುರು ಮನೆಯ ಕಿಟಕಿ ಪರದೆ ಆಗಲೇ ಸರಿದಿತ್ತು. ಖಾಕಿಯವರನ್ನು ಹೊಸಿಲಾಚೆ ನಿಲ್ಲಿಸಿಕೊಂಡು ಮಾತಾಡಿದರೆ ಸಂಜೆಯೊಳಗೆ ಬೀದಿಯಲ್ಲಿ ಹತ್ತು ಕತೆ ಹುಟ್ಟುತ್ತವೆ. ಅದೂ ಅಲ್ಲದೆ ಬಂದವರು ಯಾರೇ ಇರಲಿ, ನಿಂತುಕೊಂಡೇ ಹೋಗಬಾರದು ಎಂದು ಬೆಳೆದವರು ನಾವು. “ಅಯ್ಯೋ, ಹೊರಗ್ಯಾಕೆ ಸಾರ್? ಒಳಗೆ ಬನ್ನಿ, ಕೂತ್ಕೊಳ್ಳಿ, ಕಾಫಿ ಮಾಡ್ತೀನಿ” ಎಂದೆ. ಅವರು ಬಂದ ಮೇಲೆ ಬಾಗಿಲು ಮುಂದಕ್ಕೆ ಹಾಕಿದವಳೂ ನಾನೇ.

ಪಕ್ಕದ ಮನೆಯವನು ಯಾವ ಊರಿನವನು, ಯಾರು ಬಂದು ಹೋಗುತ್ತಿದ್ದರು ಎಂದು ಕೇಳಿದರು. ಗೊತ್ತಿದ್ದಷ್ಟು ಹೇಳಿದೆ. ಮಗಳು ನಡುವೆ, “ಒಂದ್ಸಲ ಕರೆನ್ಸಿ ಇಲ್ಲ ಅಂತ ನನ್ನ ಫೋನಿಂದ ಕಾಲ್ ಮಾಡಿದ್ರು ಸಾರ್” ಎಂದಳು. ನಿಜ ಹೇಳುವವರಿಗೆ ಏನು ಭಯ ಎಂದುಕೊಂಡಿದ್ದಳು, ಪಾಪ.

“ಎಲ್ಲಿ, ಕೊಡು ನೋಡೋಣ. ಲಾಕ್ ನಂಬರೆಷ್ಟು?”

ಕೊಟ್ಟಳು, ನಂಬರೂ ಹೇಳಿದಳು. ಅಲ್ಲಿಗೆ ಪ್ರಶ್ನೆಗಳು ಮುಗಿದವು. ಇನ್ಸ್‌ಪೆಕ್ಟರು ಅವಳ ಫೋಟೋಗಳನ್ನು ಒಂದೊಂದಾಗಿ ಸರಿಸುತ್ತ ಕೂತ. ಕಾನ್ಸ್‌ಟೇಬಲ್ಲು ಎದ್ದು ಹೋಗಿ ಬೀರು ತೆಗೆದ. ತೆಗೆಯಲಾ ಎಂದು ಒಂದು ಮಾತು ಕೇಳಲಿಲ್ಲ. ನನ್ನ ಸೀರೆಗಳು, ಗಂಡನ ಕಾಗದಪತ್ರದ ಫೈಲು, ಮಗಳ ಒಳಬಟ್ಟೆಗಳು ಎಲ್ಲ ಮಂಚದ ಮೇಲೆ ಬಿದ್ದವು. ಮಗಳು ಗೋಡೆಯ ಕಡೆ ತಿರುಗಿ ನಿಂತಳು. ನಾನು ಏನು ಮಾಡಿದೆ ಗೊತ್ತೆ? “ಸಕ್ಕರೆ ಎಷ್ಟು ಹಾಕ್ಲಿ ಸಾರ್?” ಎಂದು ಕೇಳಿದೆ.

ಕಾಫಿ ಕುಡಿದು ಎದ್ದರು. ಮೊಬೈಲು ಇನ್ಸ್‌ಪೆಕ್ಟರ ಜೇಬಿನಲ್ಲಿತ್ತು. ವಾಪಸ್ ಕೊಡುವಾಗ ಬೇಕಾಗುತ್ತದೆ ಎಂದು ಒಂದು ಹಾಳೆ ಮುಂದೆ ಹಿಡಿದರು. ಓದದೆ ಸಹಿ ಹಾಕಿದೆ. ನಮ್ಮ ಕೈಗೆ ಒಂದು ಚೀಟಿಯನ್ನೂ ಕೊಡಲಿಲ್ಲ.

ಮರುದಿನ ಸೈಬರ್ ಸೆಂಟರಿನಲ್ಲಿ ಕೂತಾಗಲೇ ತಿಳಿದದ್ದು: ಸೀಟು ಒಪ್ಪಿಕೊಳ್ಳಲು ಆ ಮೊಬೈಲಿಗೆ ಬರುವ ಆರು ಅಂಕಿಯ ಒಟಿಪಿ ಬೇಕು. ನಂಬರು ಬದಲಾಯಿಸಲು ಹೋದರೆ ಅದಕ್ಕೂ ಅದೇ ನಂಬರಿಗೆ ಒಟಿಪಿ. ಹೊಸ ಸಿಮ್ಮಿಗೆಂದು ಅಂಗಡಿಗೆ ಓಡಿದೆವು. ಸಿಮ್ಮು ನನ್ನ ಗಂಡನ ಹೆಸರಿನಲ್ಲಿತ್ತು.

“ಅವ್ರನ್ನೇ ಕರ್ಕೊಂಡು ಬನ್ನಿ, ಹೆಬ್ಬೆಟ್ಟು ಬೇಕು” ಎಂದ ಅಂಗಡಿಯವನು.

“ಎಲ್ಲಿಂದ ಕರ್ಕೊಂಡು ಬರ್ಲಿ ಮಾರಾಯಾ, ಸ್ಮಶಾನದಿಂದಲಾ?”

ಅವನು ತಲೆ ತಗ್ಗಿಸಿದ. ಹೆಸರು ಬದಲಾಯಿಸಲು ವಾರ ಹಿಡಿಯುತ್ತದೆ ಎಂದ.

ಮಂಗಳವಾರ ಶಿವಮೊಗ್ಗಕ್ಕೆ ಹೋಗಿ, ನಮ್ಮ ಆಫೀಸಿನವರೊಬ್ಬರು ಹೇಳಿದ ವಕೀಲೆಯನ್ನು ಕಂಡೆ. ಠಾಣೆಗೆ ಫೋನ್ ಮಾಡಿ ವಿಚಾರಿಸಿದರು. ಫೋನಿಟ್ಟು ನನ್ನ ಮುಖ ನೋಡಿದರು.

“ಪ್ರಶ್ನೆ ಕೇಳೋದು ಅವರ ಕೆಲಸ. ಬೀರುಗೆ ಕೈ ಹಾಕಿದ್ರೆ ಅದು ಶೋಧನೆ. ಅದಕ್ಕೆ ಕಾರಣ ಬರೀಬೇಕು, ಸಾಕ್ಷಿ ಬೇಕು, ತಗೊಂಡಿದ್ದಕ್ಕೆ ಪಟ್ಟಿ ಕೊಡ್ಬೇಕು. ಏನಾದ್ರೂ ಕೊಟ್ರಾ?”

“ಇಲ್ಲ.”

“ಒಳಗೆ ಬನ್ನಿ ಅಂತ ನೀವು ಕರೆದ್ರಾ?”

“ಹೂಂ. ಕಾಫಿನೂ ಕೊಟ್ಟೆ.”

“ಮನೆಯವರ ಒಪ್ಪಿಗೆಯ ಮೇರೆಗೆ ಅಂತ ಬರ್ಕೊಂಡಿದ್ದಾರೆ. ಮೊಬೈಲು ನೀವಾಗೇ ಕೊಟ್ರಿ ಅಂತಿದೆ. ಕೆಳಗೆ ನಿಮ್ಮ ಸಹಿ.”

ಕೋರ್ಟಿಗೆ ಅರ್ಜಿ ಹಾಕೋಣ, ಗೆಲ್ಲುತ್ತೇವೆ, ಆದರೆ ನಾಳೆಯೊಳಗೆ ಆಗದು ಎಂದರು. ಸರಿ ಎಂದೆ. ಮನೆಗೆ ಕರೆದದ್ದು ಬೀರು ತೆಗೆಯಲು ಅಲ್ಲ ಎಂದು ಮೇಜು ಕುಟ್ಟಿ ಹೇಳಬೇಕಿತ್ತು. ಹೇಳುವ ತ್ರಾಣ ಇರಲಿಲ್ಲ.

ಬುಧವಾರ ಮಗಳನ್ನು ಸೈಬರ್ ಸೆಂಟರಿನಲ್ಲಿ ಕೂರಿಸಿ ನಾನು ಠಾಣೆಗೆ ಹೋದೆ. ಅವಳು ಅಲ್ಲಿ ಒತ್ತುವುದು, ಇಲ್ಲಿ ಮೊಬೈಲಿಗೆ ಅಂಕಿ ಬರುವುದು, ನಾನು ನನ್ನ ಫೋನಿನಲ್ಲಿ ಅವಳಿಗೆ ಹೇಳುವುದು. ಅಷ್ಟೇ ನನ್ನ ಬೇಡಿಕೆ.

“ಫೋನು ನೀವೇ ಇಟ್ಕೊಳ್ಳಿ ಸಾರ್. ಆರು ಅಂಕಿ ಓದಿ ಹೇಳಿ, ಸಾಕು. ನನ್ನ ಮಗಳ ಸೀಟು ಹೋಗುತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ.”

“ಆಗಲ್ಲಮ್ಮ” ಎಂದ ಅದೇ ಇನ್ಸ್‌ಪೆಕ್ಟರು. ಗದರಲೂ ಇಲ್ಲ. “ಸ್ವಿಚ್ ಆಫ್ ಮಾಡಿ ಕವರಲ್ಲಿಟ್ಟು ಸೀಲ್ ಮಾಡಿದೀವಿ. ಈಗ ಮುಟ್ಟಿದ್ರೆ ಕಾನೂನು ಒಪ್ಪಲ್ಲ.”

ಮಗಳು ಐದು ಗಂಟೆಯವರೆಗೆ ಏಳು ಸಲ ಒತ್ತಿದಳು. ನಾನು ಬೆಂಚಿನ ಮೇಲೆ ಕೂತೇ ಇದ್ದೆ. ಆಮೇಲೆ ಅವಳೇ ಬಂದು, “ಏಳಮ್ಮಾ, ಹೋಗೋಣ” ಎಂದಳು.

ಮೊಬೈಲು ಕೋರ್ಟಿನ ಆದೇಶದ ಮೇಲೆ ವಾಪಸ್ ಬರುವಷ್ಟರಲ್ಲಿ ಕಾಲೇಜು ಶುರುವಾಗಿತ್ತು. ಪಕ್ಕದ ಮನೆಯವನಿಗೂ ನಮಗೂ ಸಂಬಂಧವಿಲ್ಲ ಎಂದು ಪೊಲೀಸರೇ ಬರೆದುಕೊಟ್ಟಿದ್ದರು. ಮಗಳು ಅಡುಗೆಮನೆಯ ಕಟ್ಟೆಯ ಮೇಲೆ ಅದನ್ನು ಚಾರ್ಜಿಗೆ ಹಾಕಿ ಮೆಸೇಜು ತೆಗೆದಳು. ಮೇಲಿಂದ ಕೆಳಕ್ಕೆ ಸರಿಸಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿಸಿ ಹಿಡಿದಳು.

ಏಳು ಒಟಿಪಿಗಳೂ ಆ ಬುಧವಾರ ಐದು ಗಂಟೆಯೊಳಗೇ ಬಂದಿದ್ದವು, ‘ಓದಿಲ್ಲ’ ಎಂಬ ಗುರುತು ಒಂದರ ಮೇಲೂ ಇರಲಿಲ್ಲ. ಒಂದೊಂದರ ಕೆಳಗೂ ‘ಹತ್ತು ನಿಮಿಷ ಮಾತ್ರ ಮಾನ್ಯ’ ಎಂದಿತ್ತು.

“ಅಮ್ಮಾ, ಇವೆಲ್ಲ ಯಾರೋ ಆಗಲೇ ಓಪನ್ ಮಾಡಿ ಓದಿದಾರೆ” ಎಂದಳು ಮಗಳು.