ಸಂಪಂಗಿ ಮೇಷ್ಟ್ರ ಗಿಗ್ಗು

ಸಂಪಂಗಿ ಮೇಷ್ಟ್ರ ಎದೆಗೆ ಎರಡು ಅಳತೆ ಇದ್ದವು. ಉಸಿರು ಬಿಟ್ಟಾಗಿನದು ಒಂದು, ತುಂಬಿಕೊಂಡಾಗಿನದು ಇನ್ನೊಂದು. ಚನ್ನಪಟ್ಟಣದ ನನ್ನ ಟೈಲರ್ ಅಂಗಡಿಗೆ ಅವರು ಮೊದಲ ಸಲ ಕೋಟು ಹೊಲಿಸಲು ಬಂದಾಗ, ಎಲ್ಲರಿಗೂ ಹಿಡಿಯುವಂತೆ ಟೇಪು ಹಿಡಿದೆ. ಅವರು ನನ್ನ ಕೈ ತಳ್ಳಿ, ಗಾಳಿ ಎಳೆದುಕೊಂಡು ಹುಂಜದ ಹಾಗೆ ಎದೆ ಸೆಟೆಸಿ ನಿಂತು, ಈಗ ಹಿಡಿ ಎಂದು ಕಣ್ಣಿನಲ್ಲೇ ಹೇಳಿದರು. ಅಳತೆ ಮುಗಿದ ಮೇಲೆ ಉಸಿರು ಬಿಟ್ಟು, "ಊದೋನ ಕೋಟು ಊದುವಾಗ ಸರಿಯಾಗಿರ್ಬೇಕು ಟೈಲರ್ರೇ. ಸುಮ್ಕಿದ್ದಾಗ ಜೋತಾಡುದ್ರೆ ಜೋತಾಡ್ಲಿ. ಆಗ ನನ್ನ ಯಾರು ನೋಡ್ತಾರೆ" ಎಂದರು.

ಅವರದು ನನ್ನ ಅಂಗಡಿಯ ಪಕ್ಕದ ಕೋಣೆಯಲ್ಲಿದ್ದ ಬ್ಯಾಂಡ್‌ಸೆಟ್. ಅದಕ್ಕೆ ಅವರೇ ಮೇಷ್ಟ್ರು. ಕೆಂಪು ಕೋಟು, ತೋಳಿಗೆ ಜರಿಪಟ್ಟಿ, ಕೈಯಲ್ಲಿ ಟ್ರಂಪೆಟ್ಟು. ತುಟಿಯ ನಡುವೆ ಉಂಗುರ ಒತ್ತಿದಂಥ ಗುರುತು. ಗೊತ್ತಿಲ್ಲದವರು ಬೀಡಿ ಸುಟ್ಟ ಕಲೆ ಎಂದುಕೊಳ್ಳುತ್ತಿದ್ದರು.

ಗಿಗ್ಗು ಎಂಬ ಮಾತನ್ನು ನಮ್ಮ ಬೀದಿಗೆ ತಂದವರು ಅವರೇ. ಹರೆಯದಲ್ಲಿ ಬೆಂಗಳೂರು ದಂಡಿನ ಯಾವುದೋ ಹೋಟೆಲಿನಲ್ಲಿ ಊದುತ್ತಿದ್ದರಂತೆ. ಅಲ್ಲಿಯ ವಾದ್ಯದವರು ಒಪ್ಪಿಕೊಂಡ ಪ್ರತಿ ಕಾರ್ಯಕ್ರಮಕ್ಕೂ 'ಗಿಗ್' ಎನ್ನುತ್ತಿದ್ದರು. ಅದು ಮೇಷ್ಟ್ರ ಬಾಯಲ್ಲಿ ದುಂಡಗಾಗಿ ಗಿಗ್ಗು ಆಯಿತು. "ನಾಳೆ ಕೂಟಗಲ್ಲಲ್ಲಿ ಮದ್ವೆ ಗಿಗ್ಗು, ನಾಡಿದ್ದು ಮಾಗಡೀಲಿ ಹೆಣದ ಗಿಗ್ಗು" ಎಂದು ಅವರು ಹೇಳುವುದನ್ನು ಕೇಳಿ ಕೇಳಿ ಬೀದಿಯವರೂ ಕಲಿತರು. ಬಿಡದಿ ಕಡೆ ಕಾರ್ಖಾನೆಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲ ಅದು. ಬೆಳಿಗ್ಗೆ ಕಾಂಟ್ರಾಕ್ಟ್ ಕೆಲಸದವರನ್ನು ತುಂಬಿಕೊಳ್ಳಲು ವ್ಯಾನು ಬಂದರೆ, "ಇವತ್ತು ಎಲ್ಲಿ ಗಿಗ್ಗು?" "ವಾರ ಪೂರ್ತಿ ಪೇಂಟ್ ಗಿಗ್ಗು ಕಣ್ಲಾ" ಎಂದು ಮಾತು ನಡೆಯುತ್ತಿತ್ತು. ಆಟೋದವರು, ರೇಷ್ಮೆ ನೂಲು ತೆಗೆಯುವವರು, ಕಡೆಗೆ ನನ್ನ ಹೆಂಡತಿ ಜಯ ಕೂಡ "ಬ್ಲೌಸಿನ ಗಿಗ್ಗು ಮುಗೀತಾ?" ಎನ್ನತೊಡಗಿದಳು.

ಮೇಷ್ಟ್ರು ಇದನ್ನು ಸಹಿಸುತ್ತಿರಲಿಲ್ಲ. "ಕೋಟು ಹಾಕ್ಕಂಡು ಹೋಗೋದು ಗಿಗ್ಗು. ಬನೀನಲ್ಲಿ ಮಾಡೋದು ಕೂಲಿ" ಎಂದು ಗದರುತ್ತಿದ್ದರು.

ತಮ್ಮವರಿಗೆ ಅವರು ಹೇಳಿಕೊಟ್ಟ ನೀತಿ ಒಂದೇ: "ಮದ್ವೇಲಿ ನಗಬ್ಯಾಡಿ, ಸಾವಲ್ಲಿ ಅಳಬ್ಯಾಡಿ. ನಾವು ಮನೆಯೋರಲ್ಲ." ಈ ನೀತಿಯನ್ನು ತಮ್ಮವರ ಮೇಲೂ ಪ್ರಯೋಗಿಸುತ್ತಿದ್ದರು. ಕ್ಲಾರಿನೆಟ್ ನುಡಿಸುವ ನಾಗರಾಜ ಅವರ ಜೊತೆ ಹರೆಯದಿಂದಲೂ ಇದ್ದವನು. ಅವನ ಮುಂದಿನ ಹಲ್ಲುಗಳು ಉದುರಿ ಸ್ವರ ಸೀಟಿ ಹೊಡೆಯಲು ಶುರುವಾದಾಗ ಮೇಷ್ಟ್ರು ಅವನನ್ನು ಮನೆಗೆ ಕಳಿಸಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದರು. ಸಾಲಿನಲ್ಲಿ ತಲೆ ಕಡಿಮೆಯಾಗಬಾರದೆಂದು ಅವನನ್ನು ಡಮ್ಮಿ ಮಾಡಿದರು. ಅಪ್ಪಿತಪ್ಪಿಯೂ ಸದ್ದು ಬರಬಾರದೆಂದು ನನ್ನ ಅಂಗಡಿಯಿಂದಲೇ ಒಂದು ಬಟ್ಟೆಚೂರು ಕೇಳಿ ತೆಗೆದುಕೊಂಡು ಕ್ಲಾರಿನೆಟ್ಟಿನ ಬಾಯಿಗೆ ತುರುಕಿದರು. "ಕೆನ್ನೆ ಉಬ್ಬುಸ್ಲಾ, ಬೆರಳು ಆಡುಸು. ಕೇಳೋರಿಗಲ್ಲ, ನೋಡೋರಿಗೆ" ಎಂದರು. ನಾಗರಾಜ ಹಾಗೇ ಮಾಡಿದ. ಮೆರವಣಿಗೆಯಲ್ಲಿ ಎಲ್ಲರಿಗಿಂತ ಹೆಚ್ಚು ಬೆವರುತ್ತಿದ್ದವನು ಅವನೇ.

ಇಷ್ಟಾದರೂ ನನಗೆ ಮೇಷ್ಟ್ರೆಂದರೆ ಇಷ್ಟ. ಮಧ್ಯಾಹ್ನ ಅಂಗಡಿಯ ಬೆಂಚಿನ ಮೇಲೆ ಕೂತು, ಟ್ರಂಪೆಟ್ಟಿಗೆ ಕರ್ಚೀಫು ಅಡ್ಡ ಹಿಡಿದು ಮೆತ್ತಗೆ ಊದಿದರೆ ನನ್ನ ಮೆಷಿನ್ನಿನ ಕಾಲು ತಾನಾಗಿ ನಿಧಾನವಾಗುತ್ತಿತ್ತು. ಹಾಗೆ ಊದಬಲ್ಲವರು ಮನುಷ್ಯರ ಜೊತೆ ಯಾಕೆ ಹಾಗಿರುತ್ತಿದ್ದರೋ ನನಗೆ ಇವತ್ತಿಗೂ ತಿಳಿದಿಲ್ಲ.

ಒಂದು ಆಷಾಢದಲ್ಲಿ ಶಿವಲಿಂಗ ಎಂಬ ಜಮೀನಿನ ಏಜೆಂಟ್ ಜೀಪಿನಲ್ಲಿ ಬಂದ. ಆಷಾಢದಲ್ಲಿ ಮದುವೆಗಳಿಲ್ಲ, ಬ್ಯಾಂಡಿನವರು ಖಾಲಿ ಕೂತಿದ್ದರು. ಮರಳವಾಡಿ ಹತ್ತಿರದ ಒಂದು ಹಳ್ಳಿಯಲ್ಲಿ ಕಂಪನಿಯೊಂದಕ್ಕೆ ಜಮೀನು ಕೊಡಿಸುತ್ತಿದ್ದ ಅವನಿಗೆ ಒಂದು ತುಂಡು ಮಾತ್ರ ದಕ್ಕಿರಲಿಲ್ಲ. ಕಾರ್ಖಾನೆಯ ರಸ್ತೆ ಹೋಗಬೇಕಾದದ್ದು ಅದರ ಮೇಲೆಯೇ. ಅದು ಸಿಗದೆ ಉಳಿದವರ ನೋಂದಣಿಯೂ ನಿಂತಿತ್ತು. ಹಾಗಾಗಿ ಊರಿಗೆ ಊರೇ ಅವನ ಕಡೆ.

"ಬೈಯಂಗಿಲ್ಲ, ಹೊಡಿಯಂಗಿಲ್ಲ. ಮನೆ ಮುಂದೆ ನಿಂತ್ಕಂಡು ಬೆಳಿಗ್ಗೆಯಿಂದ ಮದ್ವೆ ಹಾಡು ಊದಿ. ಮುದುಕಿ ಸೈನಿಗೆ ಒಪ್ಪೋಗಂಟ, ಅಷ್ಟೇಯ" ಎಂದ ಶಿವಲಿಂಗ.

ಹಳ್ಳಿಯ ಹೆಸರು ಕೇಳಿದಾಗ ನನ್ನ ಕೈಯ ಕತ್ತರಿ ನಿಂತಿತು. ಆ ತುಂಡು ಜಯಳ ದೊಡ್ಡವ್ವ ಕೆಂಪಮ್ಮನದು. ಗಂಡ ದೊಡ್ಡಯ್ಯ ಲಕ್ವ ಹೊಡೆದು ಹಾಸಿಗೆ ಹಿಡಿದ ಮೇಲೆ ಖಾತೆ ಅವಳ ಹೆಸರಿಗಾಗಿತ್ತು. ಮಕ್ಕಳಿಲ್ಲ. ದೊಡ್ಡಯ್ಯನ ಅಪ್ಪ ಅವ್ವನನ್ನು ಮಣ್ಣು ಮಾಡಿದ್ದು ಆ ಹೊಲದಲ್ಲೇ. ತನ್ನನ್ನೂ ಅಲ್ಲೇ ಮಣ್ಣು ಮಾಡಬೇಕೆಂದು ಅವರು ಮಾತು ತೆಗೆದುಕೊಂಡಿದ್ದರು.

ಜೀಪು ಹೋದ ಮೇಲೆ ಎಲ್ಲವನ್ನೂ ಮೇಷ್ಟ್ರಿಗೆ ಹೇಳಿದೆ.

"ಹೆಣ ಆಗ್ಲಿ ಹಸೆಮಣೆ ಆಗ್ಲಿ ಟೈಲರ್ರೇ, ಕರೆದ ಕಡೆ ಹೋಗೋದು. ನಾನು ಮನೆಯೋನಲ್ಲ."

"ಇದು ಗಿಗ್ಗಲ್ಲ ಮೇಷ್ಟ್ರೇ, ಕೂಲಿ."

"ಕೋಟು ಹಾಕ್ಕಂಡೇ ಹೋಯ್ತೀನಲ್ಲ" ಎಂದು ಎದ್ದುಹೋದರು.

ಮಾರನೆಯ ದಿನ ಜಯಳನ್ನು ಕರೆದುಕೊಂಡು ಮೊದಲ ಬಸ್ಸಿಗೆ ಹೋದೆ. ನಾವು ತಲುಪುವ ಹೊತ್ತಿಗೆ ಊದಾಟ ಶುರುವಾಗಿತ್ತು. ಕೆಂಪು ಕೋಟಿನವರು ಮನೆಯ ಬಾಗಿಲಿಗೆ ಮುಖ ಮಾಡಿ ಸಾಲಾಗಿ ನಿಂತಿದ್ದರು. ಮಕ್ಕಳು ಕುಣಿಯುತ್ತಿದ್ದವು, ದೊಡ್ಡವರು ಜಗಲಿಗಳ ಮೇಲೆ ಕೂತು ನಗುತ್ತಿದ್ದರು. "ಕೆಂಪಮ್ಮಂಗೆ ಎರಡ್ನೇ ಮದ್ವೆ ಕಣ್ರಪ್ಪೋ" ಎಂದ ಒಬ್ಬ. ಜಯ ನೇರವಾಗಿ ಹೋಗಿ ಟ್ರಂಪೆಟ್ಟಿನ ಮುಂದೆ ನಿಂತು ಬಾಯಿಗೆ ಬಂದಂತೆ ಬೈದಳು. ಮೇಷ್ಟ್ರು ಅವಳ ತಲೆಯ ಮೇಲಿಂದ ಊದಿದರು. ಬೈಗುಳ ಯಾರಿಗೂ ಕೇಳಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಕೆಂಪಮ್ಮ ಆಚೆ ಬಂದಳು. ಸಣ್ಣ ಆಳು, ಕೈಯಲ್ಲಿ ಗಂಡನಿಗೆ ಉಣ್ಣಿಸುತ್ತಿದ್ದ ಗಂಜಿಯ ಬಟ್ಟಲು.

"ಒಳಗೆ ಯಜಮಾನ ಮಲಗವ್ನೆ. ಒಸಿ ಆ ಕಡೆ ಹೋಗಿ ಊದಪ್ಪ."

ಮೇಷ್ಟ್ರು ಊದುವುದನ್ನು ನಿಲ್ಲಿಸಿ ಶಿವಲಿಂಗನ ಕಡೆ ನೋಡಿದರು. ಅವನು ಗದ್ದ ಮೇಲಕ್ಕೆತ್ತಿದ. ಮೇಷ್ಟ್ರು ಎದೆ ತುಂಬಿಕೊಂಡು ಇನ್ನೂ ಮೇಲಿನ ಸ್ವರ ಹಿಡಿದರು. ಕೆಂಪಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಸಂಜೆ ಊರಿಗೆ ಮರಳಿದೆ, ಜಯ ಅಲ್ಲೇ ಉಳಿದಳು. ಮುಂದಿನದು ಅವಳು ಹೇಳಿದ್ದು. ಮರುದಿನವೂ ಊದಿದರು, ಅದರ ಮರುದಿನವೂ. ತಿಂಗಳುಗಳಿಂದ ತೊದಲುತ್ತಿದ್ದ ದೊಡ್ಡಯ್ಯ ಅವತ್ತು ಕಣ್ಣು ಬಿಟ್ಟು, "ಗಂಡಿನ ಕಡೆಯೋರು ಬಂದ್ರು ಕಣಮ್ಮಿ. ಚಾಪೆ ಹಾಸು" ಎಂದರಂತೆ. ಆ ಮನೆಗೆ ಎಂದೂ ದಿಬ್ಬಣ ಬಂದದ್ದಿಲ್ಲ. ಕೆಂಪಮ್ಮ ನೀರು ತರಲು ತಿರುಗಿದಾಗ, ಎದುರುಗೊಳ್ಳಲೆಂದು ತಾವೇ ಎದ್ದು ನಿಂತರು. ಎರಡು ಹೆಜ್ಜೆ ಇಟ್ಟು ಹೊಸಿಲ ಮೇಲೆ ಬಿದ್ದರು. ಸೊಂಟದ ಮೂಳೆ ಮುರಿಯಿತು.

ಒಳಗಿನ ಕೂಗು ಮೇಷ್ಟ್ರಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಊದಿದರೋ ಗೊತ್ತಿಲ್ಲ. ನಾಗರಾಜನೇ ಕ್ಲಾರಿನೆಟ್ಟನ್ನು ಬಾಯಿಂದ ತೆಗೆದು "ನಿಲ್ಲುಸ್ರೋ, ಅಜ್ಜ ಬಿದ್ದೋದ" ಎಂದು ಕೂಗಿದನಂತೆ. ಆಸ್ಪತ್ರೆ ಇದ್ದದ್ದು ರಾಮನಗರದಲ್ಲಿ, ವಾಹನ ಇದ್ದದ್ದು ಶಿವಲಿಂಗನ ಹತ್ತಿರ. ಅವನು ಮೊದಲು ಜೀಪಿನ ಬಾನೆಟ್ಟಿನ ಮೇಲೆ ಕಾಗದ ಹರಡಿದ. ಕೆಂಪಮ್ಮ ಹೆಬ್ಬೆಟ್ಟು ಒತ್ತಿದ ಮೇಲೆಯೇ ಹಿಂದಿನ ಬಾಗಿಲು ತೆಗೆದ. ಬ್ಯಾಂಡಿನವರು ದಾರಿ ಬಿಟ್ಟು ನಿಂತರು.

ದೊಡ್ಡಯ್ಯ ಆ ತಿಂಗಳು ದಾಟಲಿಲ್ಲ. ಸಾವಿನ ಸುದ್ದಿಯ ಜೊತೆ ಕೆಂಪಮ್ಮ ಇನ್ನೊಂದು ಮಾತು ಹೇಳಿಕಳಿಸಿದ್ದಳು: "ಅವತ್ತು ಊದಿದ್ನಲ್ಲ, ಅವ್ನನ್ನೇ ಕರ್ಕಂಬನ್ನಿ."

ಮೇಷ್ಟ್ರಿಗೆ ತಿಳಿಸಿದೆ. ಬಹಳ ಹೊತ್ತು ಟ್ರಂಪೆಟ್ಟನ್ನು ಒರೆಸುತ್ತಾ ಕೂತರು. ಬರುವುದಿಲ್ಲ ಎನ್ನುತ್ತಾರೆ ಅಂದುಕೊಂಡೆ. "ಕರೆದವ್ರೆ ಅಂದ್ಮೇಲೆ ಹೋಗ್ಲೇಬೇಕು" ಎಂದು ಕೋಟನ್ನು ಇಸ್ತ್ರಿಗೆ ಕೊಟ್ಟರು.

ಹೆಣವನ್ನು ಚಟ್ಟಕ್ಕೆ ಕಟ್ಟಿ ಆಗಿತ್ತು. ಸಾವಿನ ಮನೆಯಲ್ಲಿ ಊದುವ ನಿಧಾನದ ರಾಗವನ್ನು ಮೇಷ್ಟ್ರು ಎತ್ತಿಕೊಂಡರು. ಕೆಂಪಮ್ಮ ಎದ್ದು ಅವರ ಹತ್ತಿರ ಬಂದಳು. ಅತ್ತು ಮುಗಿದ ಮುಖ.

"ಇದಲ್ಲ. ಅವತ್ತು ಊದಿದ್ದು ಊದು. ನನ್ನ ಯಜಮಾನ ಎದ್ದದ್ದು ಅದ್ನ ಕೇಳೇ ಅಲ್ವಾ."

"ಹೆಣದ ಮುಂದೆ ಅದು ಬ್ಯಾಡ ತಾಯಿ" ಎಂದರು ಮೇಷ್ಟ್ರು. ಕರೆದವರಿಗೆ ಅವರು ಬೇಡ ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಬದುಕಿದ್ದೋನ ಮುಂದೆ ಊದಿದ್ಯಲ್ಲ. ಊದು."

ಮೇಷ್ಟ್ರು ಮದುವೆಯ ಹಾಡು ಊದಿದರು. ಈ ಸಲ ಯಾರೂ ಕುಣಿಯಲಿಲ್ಲ. ಜಗಲಿಗಳ ಮೇಲಿದ್ದವರು ಒಬ್ಬೊಬ್ಬರೇ ಒಳಗೆ ಹೋದರು. ಹೊಲದ ಹತ್ತಿರ ಬಂದಾಗ ಕಲ್ಲುಕಂಬ ನೆಟ್ಟು ತಂತಿಬೇಲಿ ಎಳೆದಿದ್ದರು. ಕಾವಲಿನವನು ಒಳಗೆ ಬಿಡಲಿಲ್ಲ. ಚಟ್ಟವನ್ನು ಬೇಲಿಯ ಪಕ್ಕ ಇಳಿಸಿ ಗಂಡಸರು ಅವನ ಜೊತೆ ವಾದಕ್ಕೆ ಬಿದ್ದರು. ಬ್ಯಾಂಡು ನಿಂತಿತು. "ನೀನ್ಯಾಕೆ ನಿಲ್ಲುಸ್ದೆ?" ಎಂದಳು ಕೆಂಪಮ್ಮ. ತಮಟೆಯಿಲ್ಲ, ಡ್ರಮ್ಮಿಲ್ಲ, ಮೇಷ್ಟ್ರೊಬ್ಬರೇ ಬಿಸಿಲಲ್ಲಿ ಊದಿದರು. ವಾದ ಮುಗಿಯುವ ಹೊತ್ತಿಗೆ ತುಟಿ ಒಡೆದು ಗದ್ದದವರೆಗೆ ರಕ್ತ ಇಳಿದಿತ್ತು. ಕೊನೆಗೆ ಬೇಲಿಯನ್ನು ಬಳಸಿಕೊಂಡು ಹೋಗಿ ಸರ್ಕಾರಿ ಸ್ಮಶಾನದಲ್ಲಿ ಮಣ್ಣು ಮಾಡಿದೆವು.

ಎಲ್ಲ ಮುಗಿದ ಮೇಲೆ ಕೆಂಪಮ್ಮ ಒಂದು ತಟ್ಟೆ ತಂದಳು. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ. ಮದುವೆ ಮನೆಯಲ್ಲಿ ಬ್ಯಾಂಡಿನವರಿಗೆ ಕೊಡುವ ಮರ್ಯಾದೆ. ಸೂತಕದ ಮನೆಯಲ್ಲಿ ಯಾರೂ ಕೊಡದ್ದು, ಯಾರೂ ತೆಗೆದುಕೊಳ್ಳದ್ದು. ನೆಂಟರೆಲ್ಲ ನೋಡುತ್ತಾ ನಿಂತರು. ಮೇಷ್ಟ್ರು ಎರಡೂ ಕೈ ಒಡ್ಡಿ ತೆಗೆದುಕೊಂಡರು.

ಆ ತುಟಿ ಮತ್ತೆ ಸರಿಹೋಗಲಿಲ್ಲ. ಒಣಗುವುದು, ಊದಿದರೆ ಒಡೆಯುವುದು. ಬ್ಯಾಂಡನ್ನು ಕರೆಯುವವರೂ ಕಡಿಮೆಯಾದರು. ಜಮೀನು ಮಾರಿದವರ ಮದುವೆಗಳಿಗೆ ಬೆಂಗಳೂರಿನಿಂದ ಆರ್ಕೆಸ್ಟ್ರಾ ಬರತೊಡಗಿತು. ಪಕ್ಕದ ಕೋಣೆ ಮೊಬೈಲ್ ಅಂಗಡಿಯಾಯಿತು. ನಾಗರಾಜ ಮಗಳ ಊರಿಗೆ ಹೋದ. ಮೇಷ್ಟ್ರು ಹೇಳದೆ ಕೇಳದೆ ಕಾಣೆಯಾದರು.

ಅವರನ್ನು ಕೊನೆಯ ಸಲ ನೋಡಿದ್ದು ಆ ಹೊಲದ ಮೇಲೆ ಹಾದ ರಸ್ತೆಯ ಕೊನೆಗಿದ್ದ ಕಾರ್ಖಾನೆಯ ಗೇಟಿನಲ್ಲಿ. ಶಿವಲಿಂಗ ಅಷ್ಟರಲ್ಲಿ ಕಾರ್ಖಾನೆಗೆ ಆಳು ಒದಗಿಸುವ ಕಂಟ್ರಾಕ್ಟರ್ ಆಗಿದ್ದ. ಜಮೀನು ಕೊಟ್ಟವರಿಗೆ ಕೆಲಸ ಎಂದು ಕೆಂಪಮ್ಮನನ್ನು ಕಸ ಗುಡಿಸಲು ಹಾಕಿದ್ದ, ಊದಲಾಗದ ಮೇಷ್ಟ್ರನ್ನು ಸೆಕ್ಯುರಿಟಿಗೆ. ನಾನು ದೊಡ್ಡವ್ವನನ್ನು ಹಬ್ಬಕ್ಕೆ ಕರೆದೊಯ್ಯಲು ಹೋಗಿದ್ದೆ. ಶಿಫ್ಟ್ ಬಿಡುವ ಹೊತ್ತು. ಯಾರದೋ ಅಳತೆಗೆ ಹೊಲಿದ ನೀಲಿ ಶರ್ಟಿನಲ್ಲಿ ಮೇಷ್ಟ್ರು ನಿಂತು, ಆಚೆ ಹೋಗುವವರ ಚೀಲ ತಡಕುತ್ತಿದ್ದರು. ಕಂಪನಿಯ ಸಾಮಾನು ಕದ್ದೊಯ್ಯುತ್ತಾರೆಂದು ಹಾಗೊಂದು ನಿಯಮ. ಕೆಂಪಮ್ಮ ಸಾಲಿನಲ್ಲಿ ಬಂದಳು. ಊಟದ ಡಬ್ಬಿಯ ಮುಚ್ಚಳ ತೆಗೆದು ಅವರ ಮುಖದ ಹತ್ತಿರ ಹಿಡಿದಳು. ತೊಳೆದ ಖಾಲಿ ಡಬ್ಬಿ. ಮೇಷ್ಟ್ರು ಅದರೊಳಗೆ ಇಣುಕಿ, "ಹೋಗವ್ವ" ಎಂದರು. ಅವಳು ಮುಚ್ಚಳ ಹಾಕಿಕೊಂಡು ನಡೆದಳು.

ನಾನು ಹತ್ತಿರ ಹೋಗಿ ಮಾತಾಡಿಸಿದೆ.

"ತೋರುಸ್ಬ್ಯಾಡ, ಹಂಗೇ ಹೋಗು ಅಂತ ಬೇಕಾದಷ್ಟು ಸಲ ಹೇಳಿವ್ನಿ ಟೈಲರ್ರೇ" ಎಂದರು. ತುಟಿ ಅಲುಗಿಸದೆ ಮಾತಾಡುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. "ಕೇಳಾಕಿಲ್ಲ. ನಾನು ನೋಡೋಗಂಟ ನಿಂತೇ ಇರ್ತಾಳೆ. ಬಂದಾಗಿಂದ ಒಂದು ಮಾತು ಆಡಿಲ್ಲ. ಬೈದಿದ್ರೆ ಎಷ್ಟೋ ವಾಸಿಯಾಗಿತ್ತು." ಹಿಂದೆ ನಿಂತಿದ್ದವರು ಗೊಣಗತೊಡಗಿದ್ದರಿಂದ ಮತ್ತೆ ಚೀಲಗಳ ಕಡೆ ತಿರುಗಿದರು.

ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಸುದ್ದಿ ನನಗೆ ತಿಳಿದದ್ದೇ ಮಣ್ಣಾದ ಮೇಲೆ. ಕೆಂಪಮ್ಮನಿಗೆ ನಾನೇ ಹೇಳಿದೆ. ಅವಳು ಹಿತ್ತಲಿನಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು.

"ಅದ್ಕೇ ಹೊಸಬನ್ನ ನಿಲ್ಸವ್ರೆ" ಎಂದಳು. ಇನ್ನೊಂದು ಕಡ್ಡಿ ಎತ್ತಿಕೊಂಡು, "ಅವ್ನಿಗೆ ಯಾರಾದ್ರೂ ಊದಿದ್ರಾ?" ಎಂದು ಕೇಳಿದಳು.

"ಇಲ್ಲ ದೊಡ್ಡವ್ವ."

ಅವಳು ಆ ಕಡ್ಡಿಯ ಎಲೆಗಳನ್ನೆಲ್ಲ ಬಿಡಿಸಿ ಮುಗಿಸಿದಳು.

"ಮಾತಾಡುಸ್ಬುಡಾನ ಅಂತ ಅನ್ನುಸ್ತಿತ್ತು ಅಳಿಯಂದ್ರೆ, ಈಚೀಚೆಗೆ. ಸದ್ಯ, ಅಷ್ಟ್ರಲ್ಲಿ ಹೊಂಟೋದ."